ಏರಿಯ ಮೇಲಿನ ಕಾರು – ಕಂತು ಏಳು: ಉಗುಳುವ ಸ್ಟೀರಿಯೊ

"ಸಹಿ ಹಾಕಲ್ಲ" ಎಂದೆ.

ಇನ್‌ಸ್ಪೆಕ್ಟರ್ ಪೆನೆವ್ ಪೆನ್ನನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ನಾನು ಕೊನೆಗೂ ಕೈ ಚಾಚಿಯೇ ಚಾಚುತ್ತೇನೆ ಎಂಬ ನಂಬಿಕೆ ಅವನಿಗೆ.

"ರೂಮೆನಮ್ಮ, ಮೊದ್ಲು ಓದಿ ನೋಡಿ."

"ಓದಾಯ್ತು. ಎರಡು ಸಲ ಓದಿದೆ. ಕನ್ನಡಕ ಹಾಕ್ಕೊಂಡೇ ಓದಿದೆ."

ಇಪ್ಪತ್ತೆರಡು ದಿನಗಳ ಹಿಂದೆ ಡಾನ್ಯೂಬ್ ನದಿಯ ಏರಿಯಿಂದ ಉರುಳಿಬಿದ್ದ ಕಾರಿನಲ್ಲಿ ಮೀನುಗಾರಿಕೆ ಕಾವಲುಗಾರ ರಾದೊಯ್ ಸತ್ತಿದ್ದ. ಆ ಸಾವನ್ನು ಈಗ ನನ್ನ ತಲೆಗೆ ಕಟ್ಟಲು ಹೊರಟಿದ್ದರು.

ಕಾಗದದಲ್ಲಿ ಇದ್ದದ್ದು ಇಷ್ಟು. ಮೃತನ ಕಾರಿನ ಸ್ಟೀರಿಯೊಗೆ ಹಳೆಯ ಮ್ಯೂಸಿಕ್ ಪ್ಲೇಯರೊಂದನ್ನು ಜೋಡಿಸಿಕೊಟ್ಟವಳು ನಾನೇ. ಜೋಡಣೆ ಸರಿಯಿರಲಿಲ್ಲ. ಮೃತನು ಕಾರು ಓಡಿಸುತ್ತಲೇ ಅದನ್ನು ಸರಿಮಾಡಲು ಹೋದ, ಗಮನ ತಪ್ಪಿತು, ಕಾರು ಏರಿ ಬಿಟ್ಟು ಕೆಳಗೆ ಹೋಯಿತು. ಕೆಳಗೆ ನನ್ನ ಹೆಸರು, ರೂಮೆನಾ ಸ್ತಾನೆವಾ, ಮೊದಲೇ ಟೈಪಾಗಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಸುತ್ತ ಆಳೆತ್ತರದ ಗೋಡೆ, ಒಂದೇ ಗೇಟು. ನಡುವೆ ರಾದೊಯ್‌ನ ಬಿಳಿ ಕಾರು. ಅದರ ಮೂತಿಯ ಎಡಭಾಗ ನುಜ್ಜುಗುಜ್ಜಾಗಿ ಒಳಗೆ ಸೇರಿಕೊಂಡಿತ್ತು. ಮಿಕ್ಕಂತೆ ಕಾರು ಎಂದಿನಂತೆಯೇ ಇತ್ತು. ಹಿಂದಿನ ಗಾಜಿನ ಹತ್ತಿರ ಅವನ ಹುಲ್ಲಿನ ಟೋಪಿ ಕೂಡ.

ಶೆಡ್ಡಿನ ನೆರಳಲ್ಲಿ ಕುರ್ಚಿಯ ಮೇಲೆ ಅವನ ಹೆಂಡತಿ ಯೊರ್ದಾನಾ ಕುಳಿತಿದ್ದಳು. ತಲೆಗೆ ಕರಿ ವಸ್ತ್ರ. ಗಂಡನ ವಸ್ತುಗಳನ್ನು ಪಡೆದುಕೊಂಡೆ ಎಂದು ಸಹಿ ಹಾಕಲು ಅವಳನ್ನೂ ಇವತ್ತೇ ಕರೆಸಿದ್ದರು.

"ಒಂದು ಸಹಿ ಮೇಸ್ತ್ರಮ್ಮ, ಅಷ್ಟೇ" ಎಂದ ಮೀಲ್ಕೊ. "ದಂಡ ಹಾಕ್ತಾರೆ, ಚಿಕ್ಕದು. ನಾಳೆಯಿಂದ ನಿಮ್ಮ ಪಾಡಿಗೆ ನೀವು ಅಂಗಡಿ ತೆಗೀಬಹುದು."

ಮೀಲ್ಕೊ ನಮ್ಮ ಸ್ರೆಬ್ರೆನ್ ಪೇಟೆಯ ಮೀನುಗಾರಿಕೆ ಕಾವಲಿನ ಮುಖ್ಯಸ್ಥ, ಅಂದರೆ ರಾದೊಯ್‌ನ ಮೇಲಧಿಕಾರಿ. ಇಲಾಖೆಯ ದುರ್ಬೀನು, ಮಳೆಕೋಟು ಕಾರಿನಲ್ಲಿವೆ, ತೆಗೆದುಕೊಂಡು ಹೋಗುತ್ತೇನೆ ಎಂದು ಬಂದಿದ್ದ. ಹೊಸ ಚರ್ಮದ ಜಾಕೆಟ್ಟು. ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ಹಲ್ಲಲ್ಲಿ ಕಚ್ಚಿ ಸಿಪ್ಪೆಯನ್ನು ಪೊಲೀಸರ ಅಂಗಳಕ್ಕೇ ಉಗಿಯುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ.

"ದಂಡ ಚಿಕ್ಕದಾದ್ರೆ ನೀನೇ ಸಹಿ ಹಾಕು" ಎಂದೆ. "ನಿನ್ನ ಜಾಕೆಟ್ಟಿನ ಒಂದು ತೋಳಿಗೂ ಸಮ ಆಗಲ್ಲ ಅದು."

ಅವನು ನಕ್ಕ. "ನೋಡಿ ಸಾಹೇಬ್ರೆ, ಬಾಯಿ ನೋಡಿ ಇವರ್ದು!"

ನಾನು ನಗಲಿಲ್ಲ. ಸರ್ಕಾರಿ ರೇಡಿಯೊ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬೆಸುಗೆ ಹಾಕಿದವಳು ನಾನು. ಕಾರ್ಖಾನೆ ಮುಚ್ಚಿದ ಮೇಲೆ ಬಸ್ ನಿಲ್ದಾಣದ ಪಕ್ಕ ತಗಡಿನ ಗೂಡಂಗಡಿ ಹಾಕಿ ಇಪ್ಪತ್ತು ವರ್ಷವಾಯಿತು. ಈ ಊರಿನ ಕಾರುಗಳಲ್ಲಿ ಹಾಡುವುದೆಲ್ಲ ನನ್ನ ಕೈಯಿಂದ ಹಾದುಬಂದದ್ದೇ. ನನ್ನ ಜೋಡಣೆ ಸರಿಯಿರಲಿಲ್ಲ ಎಂದು ಒಬ್ಬ ಗಿರಾಕಿಯೂ ಇದುವರೆಗೆ ಹಿಂದಕ್ಕೆ ತಂದುಕೊಟ್ಟಿಲ್ಲ. ಆ ಮಾತನ್ನು ಒಂದು ಹೆಣದ ಬಾಯಿಂದ ಹೇಳಿಸಲು ಇವರು ಹೊರಟಿದ್ದರು.

"ನಾನು ಜೋಡಿಸಿದ್ದು ಅಂತೀಯಲ್ಲ, ಅದನ್ನ ತೋರ್ಸು" ಎಂದೆ ಪೆನೆವ್‌ಗೆ.

"ಫೋಟೊ ಇದೆಯಲ್ಲ ಕಾಗದದ ಜೊತೆಗೆ."

"ಫೋಟೊ ಬೇಡ. ವಸ್ತು ತೋರ್ಸು. ಕಾರ್ಖಾನೇಲಿದ್ದಾಗ್ಲೇ ನಿಮ್ಮಪ್ಪನ ಬ್ರೆಡ್ಡಿನ ವ್ಯಾನಿಗೆ ರೇಡಿಯೊ ಕೂರಿಸಿದ್ದು ನಾನು. ನೀನಾಗ ಹಿಟ್ಟಿನ ಚೀಲದ ಮೇಲೆ ಕೂತ್ಕೊಂಡು ಸ್ಕ್ರೂ ಎತ್ತಿಕೊಡ್ತಿದ್ದೆ. ನನ್ನ ಕೆಲಸ ಹೇಗಿರತ್ತೆ ಅಂತ ನಿಂಗೆ ಗೊತ್ತು."

ಪೆನೆವ್‌ನ ಕಿವಿ ಕೆಂಪಾಯಿತು. ನಲವತ್ತು ದಾಟಿದ ಇನ್‌ಸ್ಪೆಕ್ಟರ್. ಅವನು ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದು ಕಾರಿನ ಬಾನೆಟ್ ಮೇಲಿಟ್ಟ. ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ.

ಒಳಗೆ ಒಂದು ಬಿಳಿ ಮ್ಯೂಸಿಕ್ ಪ್ಲೇಯರ್. ಇಸ್ಪೀಟೆಲೆಗಿಂತ ಚೂರು ದಪ್ಪ, ನಡುವೆ ಬೆರಳಿಂದ ತಿರುಗಿಸುವ ಚಕ್ರ. ಅದರ ನೆತ್ತಿಯ ತೂತಿಗೆ ಸಿಕ್ಕಿಸಿದ ತೆಳುವಾದ ವೈರು, ವೈರಿನ ಇನ್ನೊಂದು ತುದಿಗೆ ಕ್ಯಾಸೆಟ್ ಅಡಾಪ್ಟರ್. ನೋಡಲು ಮಾಮೂಲಿ ಕ್ಯಾಸೆಟ್ಟಿನ ಹಾಗೇ ಇರುತ್ತದೆ, ಆದರೆ ಒಳಗೆ ಟೇಪು ಇರುವುದಿಲ್ಲ. ಅದನ್ನು ಕಾರಿನ ಕ್ಯಾಸೆಟ್ ಬಾಯಿಗೆ ತೂರಿಸಿದರೆ ಪ್ಲೇಯರಿನ ಹಾಡು ಕಾರಿನ ಸ್ಪೀಕರಿನಲ್ಲಿ ಬರುತ್ತದೆ.

ಒಂದು ನಿಮಿಷ ನೋಡಿದೆ. ಚೀಲವನ್ನು ಬಿಸಿಲಿಗೆ ಹಿಡಿದು ಇನ್ನೊಂದು ನಿಮಿಷ ನೋಡಿದೆ.

"ಇದು ಎಲ್ಲಿ ಸಿಕ್ತು?"

"ಸ್ಟೀರಿಯೊ ಒಳಗೇ ಇತ್ತು, ಕ್ಯಾಸೆಟ್ಟು. ಪ್ಲೇಯರು ಸೀಟಿನ ಮೇಲೆ."

"ಪೂರ್ತಿ ಒಳಗೆ ಕೂತಿತ್ತಾ?"

"ಪೂರ್ತಿ. ನಾನೇ ತೆಗೆದದ್ದು. ಯಾಕೆ?"

ಯಾಕೆ ಎಂದು ಹೇಳಬೇಕಾದರೆ ರಾದೊಯ್ ನನ್ನ ಅಂಗಡಿಗೆ ಬಂದದ್ದನ್ನು ಹೇಳಬೇಕು.

ಎರಡು ವರ್ಷದ ಹಿಂದೆ ಅವನು ಆ ಕಾರು ಕೊಂಡಾಗ ಅದರಲ್ಲಿ ಹದಿನೈದು ವರ್ಷ ಹಳೆಯ ಕ್ಯಾಸೆಟ್ ಸ್ಟೀರಿಯೊ ಇತ್ತು. ಅವನ ಹತ್ತಿರ ಒಂದು ಕರಿಯ ಪ್ಲೇಯರು, ಇಟ್ಟಿಗೆಯ ಹಾಗೆ ಭಾರ. ಹಳ್ಳಿಹಳ್ಳಿಯ ಮುದುಕಿಯರ ಹಾಡು ಹುಡುಕಿ ಅದರಲ್ಲಿ ತುಂಬಿಸಿಕೊಂಡಿದ್ದ. ಏರಿಯ ಮೇಲೆ ಗಸ್ತು ತಿರುಗುವಾಗ ಅವು ಬೇಕು ಅವನಿಗೆ. ಮೊದಲು ರೇಡಿಯೊ ಮೂಲಕ ಹಾಡು ಕಳಿಸುವ ಒಂದು ಪುಟ್ಟ ಯಂತ್ರ ತಂದಿದ್ದ. ನದಿಯ ದಡದಲ್ಲಿ ಅದು ಎಲ್ಲಿ ಕೆಲಸ ಮಾಡೀತು? ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಆಚೆ ದಡದ ರೊಮೇನಿಯಾದ ಸ್ಟೇಷನ್ನು ನುಗ್ಗುತ್ತಿತ್ತು. "ಅಕ್ಕ, ನಮ್ಮಜ್ಜಿ ಹಾಡೋವಾಗ ಮಧ್ಯದಲ್ಲಿ ಬುಕಾರೆಸ್ಟಿನ ಹವಾಮಾನ ವರದಿ ಬರತ್ತೆ" ಎಂದು ಗೋಳಾಡಿದ್ದ.

ನಾನು ಕ್ಯಾಸೆಟ್ ಅಡಾಪ್ಟರ್ ಹಾಕಿಕೊಟ್ಟೆ. ಆ ಸ್ಟೀರಿಯೊ ಅದನ್ನು ಉಗುಳಿತು. ಇನ್ನೊಂದು ಹಾಕಿದೆ. ಅದನ್ನೂ ಉಗುಳಿತು.

ಅದಕ್ಕೊಂದು ಚಾಳಿ ಇತ್ತು. ಕ್ಯಾಸೆಟ್ಟಿನ ಎರಡೂ ಚಕ್ರ ಒಟ್ಟಿಗೆ ತಿರುಗುತ್ತಿವೆಯೇ ಎಂದು ತಡವಿ ನೋಡುತ್ತದೆ. ತಿರುಗದಿದ್ದರೆ ಟೇಪು ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಹೊರಗೆ ತಳ್ಳುತ್ತದೆ. ಮೂರು ದಿನ ತಲೆ ಕೆರೆದುಕೊಂಡೆ. ಕೊನೆಗೆ ಸೈಕಲ್ ಟ್ಯೂಬಿನಿಂದ ಸಣ್ಣ ರಬ್ಬರ್ ಬಳೆ ಕತ್ತರಿಸಿ, ಅಡಾಪ್ಟರ್ ಬಿಚ್ಚಿ, ಒಳಗಿನ ಎರಡೂ ಚಕ್ರಗಳಿಗೆ ಸೇರಿಸಿ ಹಾಕಿದೆ. ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತದೆ. ಸ್ಟೀರಿಯೊ ಮೋಸ ಹೋಯಿತು. ಅಜ್ಜಿ ಹಾಡಿದಳು. ರಾದೊಯ್ ನನ್ನ ಅಂಗಡಿಯ ಮುಂದೆ ಕುಣಿದೇಬಿಟ್ಟ.

ಈ ಚೀಲದ ಅಡಾಪ್ಟರ್ ಹೊಗೆಬಣ್ಣದ ಪಾರದರ್ಶಕ ಪ್ಲಾಸ್ಟಿಕ್ಕಿನದು. ಒಳಗೆಲ್ಲ ಕಾಣುತ್ತಿತ್ತು. ರಬ್ಬರ್ ಬಳೆ ಇರಲಿಲ್ಲ. ಸ್ಕ್ರೂಗಳನ್ನು ಯಾರೂ ಮುಟ್ಟಿರಲಿಲ್ಲ.

"ಇದು ನನ್ನ ಕೆಲಸ ಅಲ್ಲ" ಎಂದೆ.

"ಹಾಗಂತ ಎಲ್ಲಾರೂ ಹೇಳ್ತಾರೆ" ಎಂದ ಮೀಲ್ಕೊ.

"ಹೇಳಲ್ಲ, ತೋರಿಸ್ತೀನಿ. ಪೆನೆವ್, ಗೇಟು ತೆಗಿ. ನನ್ನ ವ್ಯಾನಲ್ಲಿ ಬ್ಯಾಟರಿ ಇದೆ. ಈ ಕಾರಿನ ಸ್ಟೀರಿಯೊಗೆ ಕರೆಂಟು ಕೊಟ್ಟು, ಈ ಕ್ಯಾಸೆಟ್ಟನ್ನ ನಿನ್ನ ಕೈಯಾರೆ ಹಾಕು."

"ಆಗಲ್ಲ. ಅದು ಸಾಕ್ಷ್ಯ."

"ಸಾಕ್ಷ್ಯ ಅಂತಾನೇ ಕೇಳ್ತಿರೋದು."

"ರೂಮೆನಮ್ಮ, ಕಾನೂನು ಅಂತ ಒಂದಿರತ್ತೆ..."

"ಸರಿ. ಹಾಗಾದ್ರೆ ಒಂದು ಕಾಗದ ತಗೊಂಡು ಬರಿ. ಮೆಕ್ಯಾನಿಕ್ ರೂಮೆನಾ ತನ್ನ ಕೆಲಸ ಪರೀಕ್ಷೆ ಮಾಡಿ ಅಂತ ಕೇಳಿದಳು, ಇನ್‌ಸ್ಪೆಕ್ಟರ್ ಪೆನೆವ್ ಆಗಲ್ಲ ಅಂದ್ರು. ಅದಕ್ಕೆ ಈಗ್ಲೇ ಸಹಿ ಹಾಕ್ತೀನಿ. ಐನೂರು ಪ್ರತಿ ತೆಗೆಸಿ, ರಾದೊಯ್‌ನ ಸಾವಿನ ನೋಟೀಸು ಎಲ್ಲೆಲ್ಲಿ ಅಂಟಿಸಿದಾರೋ ಅದರ ಪಕ್ಕದಲ್ಲೇ ಅಂಟಿಸ್ತೀನಿ. ಕಂಬ ಕಂಬಕ್ಕೂ. ನಿಮ್ಮಮ್ಮ ಬ್ರೆಡ್ ಅಂಗಡಿಗೆ ಹೋಗೋ ದಾರೀಲೂ."

ಪೆನೆವ್ ಮೀಲ್ಕೊನ ಕಡೆ ನೋಡಿದ. ಅದನ್ನು ನಾನು ಗಮನಿಸಿದೆ. ಪೊಲೀಸನೊಬ್ಬ ಮೀನಿನ ಇಲಾಖೆಯವನ ಮುಖ ಯಾಕೆ ನೋಡಬೇಕು?

ಮೀಲ್ಕೊ ಹೆಗಲು ಕುಣಿಸಿದ. "ಮಾಡ್ಲಿ ಬಿಡಿ. ಇವತ್ತು ಪುಕ್ಕಟೆ ಸಿನಿಮಾ."

ಪೆನೆವ್ ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದು ಗೇಟು ತೆರೆದ. ನಾನು ವ್ಯಾನಿನಿಂದ ಬ್ಯಾಟರಿ ಹೊತ್ತು ತಂದೆ. ಯಾರೂ ಕೈ ಹಾಕಲಿಲ್ಲ. ಐವತ್ತೇಳು ವರ್ಷದ ಸೊಂಟ ನೋವೆಂದಿತು, ಅದರ ಮಾತು ಕೇಳಲಿಲ್ಲ. ಕಾರಿನ ಬ್ಯಾಟರಿ ಅಪಘಾತದಲ್ಲೇ ಒಡೆದುಹೋಗಿತ್ತು. ಅದರ ವೈರುಗಳನ್ನು ಬಿಡಿಸಿ ನನ್ನದಕ್ಕೆ ಕಚ್ಚಿಸಿದೆ. ಸ್ಟೀರಿಯೊದ ಹಸಿರು ದೀಪ ಹತ್ತಿಕೊಂಡಿತು.

ಶೆಡ್ಡಿನ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು. ಯೊರ್ದಾನಾ ಎದ್ದು ನಿಂತಿದ್ದಳು. ಗಂಡನ ಕಾರಿನಲ್ಲಿ ದೀಪ ಹತ್ತಿದ್ದು ಅವಳಿಗೆ ಏನನ್ನಿಸಿತೋ.

"ಹಾಕು" ಎಂದೆ ಪೆನೆವ್‌ಗೆ.

ಅವನು ಬಗ್ಗಿ, ಅಡಾಪ್ಟರನ್ನು ಸ್ಟೀರಿಯೊದ ಬಾಯಿಗೆ ತೂರಿಸಿ ಹೆಬ್ಬೆರಳಿನಿಂದ ಒತ್ತಿದ. ಕ್ಳಕ್ ಎಂದು ಕೂತಿತು.

"ಕೂತಿತಲ್ಲ!" ಎಂದ ಮೀಲ್ಕೊ.

"ಎಣಿಸು" ಎಂದೆ.

ಒಂದು. ಎರಡು. ಒಳಗೆ ಟಿಕ್ ಎಂದಿತು. ಮೂರು. ಇನ್ನೊಮ್ಮೆ ಟಿಕ್. ನಾಲ್ಕು. ಸ್ಟೀರಿಯೊ ಕ್ಯಾಸೆಟ್ಟನ್ನು ಹೊರಗೆ ತಳ್ಳಿತು. ಅರ್ಧ ನಾಲಿಗೆ ಚಾಚಿದ ಹಾಗೆ ಅದು ನಿಂತಿತು.

ಪೆನೆವ್ ಮತ್ತೆ ಒತ್ತಿದ. ನಾಲ್ಕೇ ಸೆಕೆಂಡು, ಉಗುಳಿತು. ಮೂರನೇ ಸಲ ಬೆರಳಿಂದ ಅದುಮಿ ಹಿಡಿದ. ಅದು ಬೆರಳನ್ನೇ ತಳ್ಳಿಕೊಂಡು ಬಂತು.

"ಕೆಟ್ಟಿದೆ ಈ ಸ್ಟೀರಿಯೊ. ಏಟು ಬಿದ್ದಿದೆಯಲ್ಲ" ಎಂದ ಮೀಲ್ಕೊ. ಬೀಜ ಕಚ್ಚುವುದನ್ನು ನಿಲ್ಲಿಸಿದ್ದ.

ಇದೇ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಬ್ಯಾಗಿನಿಂದ ಇನ್ನೊಂದು ಅಡಾಪ್ಟರ್ ತೆಗೆದೆ, ಠಾಣೆಗೆ ಕರೆದದ್ದು ಸ್ಟೀರಿಯೊ ವಿಷಯಕ್ಕೆಂದು ತಿಳಿದು, ನನ್ನ ಕೆಲಸ ತೋರಿಸಲು ಅಂಗಡಿಯಲ್ಲಿ ಬೆಳಿಗ್ಗೆ ರಬ್ಬರ್ ಬಳೆ ಹಾಕಿ ತಂದದ್ದು. ಸ್ಟೀರಿಯೊಗೆ ಹಾಕಿದೆ. ನಾಲ್ಕು ಸೆಕೆಂಡಾಯಿತು. ಹತ್ತಾಯಿತು. ಅರ್ಧ ನಿಮಿಷವಾಯಿತು. ಕ್ಯಾಸೆಟ್ಟು ಒಳಗೇ ಇತ್ತು.

ನನ್ನದೇ ಹಳೆಯ ಪ್ಲೇಯರು ಸಿಕ್ಕಿಸಿ ತೋರಿಸಬಹುದಿತ್ತು. ಯೊರ್ದಾನಾಳ ಕರಿ ವಸ್ತ್ರ ಕಂಡು ಸುಮ್ಮನಾದೆ. ಸಾವಾಗಿ ನಲವತ್ತು ದಿನ ತುಂಬುವ ತನಕ ಸೂತಕದವಳ ಕಿವಿಗೆ ಹಾಡು ಬೀಳಬಾರದು.

"ಏನು ಅರ್ಥ ಇದರದು?" ಪೆನೆವ್ ಕೇಳಿದ. ದನಿ ಬದಲಾಗಿತ್ತು.

"ನೀನು ವರದೀಲಿ ಬರೆದಿರೋ ಈ ಕ್ಯಾಸೆಟ್ಟು ಕಾರು ಓಡ್ತಿರೋವಾಗ ಈ ಸ್ಟೀರಿಯೊ ಒಳಗೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಇರಕ್ಕೇ ಸಾಧ್ಯ ಇಲ್ಲ. ಆದ್ರೆ ನೀನು ತೆಗೆದಾಗ ಪೂರ್ತಿ ಒಳಗೆ ಕೂತಿತ್ತು. ಉಗುಳೋದಕ್ಕೆ ಕರೆಂಟು ಬೇಕು. ತುರುಕೋದಕ್ಕೆ ಬರೀ ಹೆಬ್ಬೆರಳು ಸಾಕು. ಅಂದ್ರೆ ಕರೆಂಟು ಹೋದ ಮೇಲೆ ಯಾರೋ ತುರುಕಿದಾರೆ."

"ಇಲ್ಲ ಇಲ್ಲ" ಎಂದ ಮೀಲ್ಕೊ. "ರಾದೊಯ್ ಅದನ್ನ ಹಾಕಿದ, ಅದೇ ನಾಲ್ಕು ಸೆಕೆಂಡಲ್ಲಿ ಕಾರು ಉರುಳಿತು, ಬ್ಯಾಟರಿ ಒಡೀತು, ಕ್ಯಾಸೆಟ್ಟು ಒಳಗೇ ಉಳೀತು. ಸಾಹೇಬ್ರು ಬರೆದಿರೋದೂ ಅದೇ ಅಲ್ವಾ? ಹಾಡು ಹಾಕೋಕೆ ಹೋಗಿ ಸತ್ತ."

ಒಪ್ಪಬೇಕು, ತಲೆ ಓಡುತ್ತಿತ್ತು ಅವನದು. ಪೆನೆವ್‌ನ ಹುಬ್ಬು ಸಡಿಲವಾದದ್ದು ಕಂಡೆ.

"ಹಾಗಾದ್ರೆ ನಾನು ಮಾಡಿಕೊಟ್ಟದ್ದು ಎಲ್ಲಿ ಹೋಯ್ತು?" ಎಂದೆ. "ಎರಡು ವರ್ಷ ಚೆನ್ನಾಗಿ ಹಾಡಿದ್ದನ್ನ ಬಿಟ್ಟು, ಉಗುಳೋ ಕ್ಯಾಸೆಟ್ಟನ್ನ ಅವನು ಯಾಕೆ ಕೊಂಡ್ಕೋಬೇಕು? ಇನ್ನೊಂದು ಕೇಳು. ರಾದೊಯ್‌ನ ಪ್ಲೇಯರಿನ ಮೇಲಿನ ತೂತು ಮುರಿದುಹೋಗಿತ್ತು. ಅದಕ್ಕೇ ನಾನು ವೈರಿನ ತುದಿಯ ದುಂಡು ಪಿನ್ನು ಕತ್ತರಿಸಿ, ಕೆಳಗಡೆ ಸಿಕ್ಕಿಸೋ ಚಪ್ಪಟೆ ಪಿನ್ನು ಬೆಸುಗೆ ಹಾಕಿದ್ದೆ. ಅದರ ಎರಡೂ ಪಕ್ಕ ಕೊಂಡಿ ಇರತ್ತೆ. ಒತ್ತಿ ಎಳೀಬೇಕು ಅಂತ ಗೊತ್ತಿಲ್ದೋರು ಎಳೆದ್ರೆ ಬರಲ್ಲ. ಪ್ಲೇಯರು, ವೈರು, ಕ್ಯಾಸೆಟ್ಟು ಮೂರೂ ಒಂದೇ ಗೊಂಚಲಾಗಿ ಕೈಗೆ ಬರತ್ತೆ. ಯಾರೋ ಗೊಂಚಲೇ ಕಿತ್ಕೊಂಡು ಹೋಗಿದಾರೆ. ರಾದೊಯ್ ಹಾಡಿಲ್ದೆ ಕಾರು ಓಡಿಸಲ್ಲ ಅಂತ ಇಡೀ ಊರಿಗೆ ಗೊತ್ತು. ಜಾಗ ಖಾಲಿ ಇದ್ರೆ ಜನ ಕೇಳ್ತಾರೆ ಅಂತ ಇನ್ನೊಂದನ್ನ ತಂದು ತುಂಬಿಸಿದಾರೆ."

ಇಷ್ಟು ಹೇಳಿ ನಿಲ್ಲಿಸಿದೆ. ಉಳಿದದ್ದನ್ನು ನುಂಗಿಕೊಂಡೆ.

ಏಕೆಂದರೆ ಮಾತಾಡುತ್ತಿರುವಾಗಲೇ ನೆನಪಾಗಿತ್ತು, ಸಾಯುವ ಹತ್ತು ದಿನ ಮೊದಲು ರಾದೊಯ್ ಅಂಗಡಿಗೆ ಬಂದಿದ್ದ. ಎಂದಿನಂತೆ ನಗಲಿಲ್ಲ. "ಅಕ್ಕ, ಇದು ಬರೀ ಹಾಡತ್ತಾ, ಕೇಳಿಸ್ಕೊಳತ್ತಾ?" ಎಂದಿದ್ದ. ಚಪ್ಪಟೆ ತೂತಿಗೆ ಸಿಕ್ಕಿಸುವ ಉಗುರಿನಷ್ಟು ಮೈಕು ನನ್ನ ಹತ್ತಿರ ಇತ್ತು. ಕೊಟ್ಟಿದ್ದೆ. ನಮ್ಮ ನದಿಯಲ್ಲಿ ಮೊರುನಾ ಮೀನು ಹಿಡಿಯುವುದಕ್ಕೆ ನಿಷೇಧ. ಅದರ ಹೊಟ್ಟೆಯ ಚಿನ್ನದ ಬೆಲೆಯ ಕಪ್ಪು ಮೊಟ್ಟೆ ಡಬ್ಬಿಗಟ್ಟಲೆ ಗಡಿ ದಾಟುತ್ತಿದೆ ಎಂದು ಎಲ್ಲರೂ ಪಿಸುಗುಟ್ಟುವವರೇ. ಹಿಡಿಯುವವರ ಮಾತನ್ನು ರಾದೊಯ್ ಹಿಡಿದಿಟ್ಟಿದ್ದನೇ? ಆ ಕರಿ ಪ್ಲೇಯರಿನೊಳಗೆ ಅಜ್ಜಿಯರ ಹಾಡಿನ ಜೊತೆ ಯಾರ ದನಿ ಇತ್ತು?

ಮೈಕಿನ ವಿಷಯ ಈ ಅಂಗಳದಲ್ಲಿ ಎತ್ತಬಾರದು ಎಂದುಕೊಂಡೆ. ಈ ಇಬ್ಬರ ಮುಂದೆಯಂತೂ ಕೂಡದು.

ಪೆನೆವ್ ಗಂಟಲು ಸರಿಮಾಡಿಕೊಂಡ. "ನಿಮ್ಮ ಮಾತು ಕೇಳಕ್ಕೆ ಚೆನ್ನಾಗಿದೆ. ಆದ್ರೆ ಒಂದನ್ನ ಮರೆತ್ರಿ. ರಕ್ತ."

"ಯಾವ ರಕ್ತ?"

ಅವನು ಬಿಳಿ ಪ್ಲೇಯರನ್ನು ಚೀಲದ ಸಮೇತ ನನ್ನ ಮುಖದ ಹತ್ತಿರ ಹಿಡಿದ. ತಿರುಗುವ ಚಕ್ರದ ಸುತ್ತಲ ಸಂದಿನಲ್ಲಿ ಒಣಗಿದ ಕಡುಕೆಂಪು ಅಂಟಿಕೊಂಡಿತ್ತು. ಹಿಂಭಾಗದಲ್ಲೂ ಬೆರಳೊತ್ತಿದ ಹಾಗೆ ಕೆಂಪು ಕಲೆ.

"ರಾದೊಯ್ ಹಣೆ ಒಡೆದಿತ್ತು. ರಕ್ತದ ಕೈಯಲ್ಲೇ ಇದನ್ನ ಹಿಡ್ಕೊಂಡಿದಾನೆ. ಅಂದ್ರೆ ಇದು ಅವನ ಜೊತೆಗೇ ಇತ್ತು, ಆ ಕ್ಷಣದಲ್ಲಿ. ವರದೀಲಿ ಬರೆದಾಗಿದೆ."

"ಪರೀಕ್ಷೆ ಮಾಡಿಸಿದ್ಯಾ?"

"ರಕ್ತ ನೋಡಿದ್ರೆ ಗೊತ್ತಾಗಲ್ವಾ ನನಗೆ?"

ಕಟ್ಟಿದ್ದೆಲ್ಲ ಕುಸಿದು ಕೂತ ಹಾಗಾಯಿತು. ಮೀಲ್ಕೊ ಜೇಬಿಗೆ ಕೈ ಹಾಕಿ ಮತ್ತೆ ಬೀಜ ತೆಗೆದ.

"ಕೊಡಿ ಇಲ್ಲಿ."

ಯೊರ್ದಾನಾ. ಅವಳು ಯಾವಾಗ ನಡೆದುಬಂದಳೋ ಗೊತ್ತಾಗಲಿಲ್ಲ. ನಮ್ಮ ನಡುವೆ ನಿಂತಿದ್ದಳು, ಕೈ ಚಾಚಿಕೊಂಡು. ಇಪ್ಪತ್ತೆರಡು ದಿನದಲ್ಲಿ ಅವಳು ಹತ್ತು ಮಾತು ಆಡಿದ್ದಿಲ್ಲ.

"ನೀವು ನೋಡಬೇಡಿ ಅತ್ತಿಗೆ" ಎಂದ ಮೀಲ್ಕೊ ಮೆಲ್ಲಗೆ. "ಮನಸ್ಸಿಗೆ ಒಳ್ಳೇದಲ್ಲ. ಬನ್ನಿ, ಕೂತ್ಕೊಳ್ಳಿ."

ಅವನು ಅವಳ ತೋಳು ಹಿಡಿಯಲು ಹೋದ. ಅವಳು ಕೊಡವಿಕೊಂಡಳು. ಚೀಲವನ್ನು ಪೆನೆವ್‌ನ ಕೈಯಿಂದ ಕಿತ್ತುಕೊಂಡು, ಅವನು ಬೇಡ ಎನ್ನುವಷ್ಟರಲ್ಲಿ ಅದನ್ನು ಬಿಚ್ಚಿ, ಪ್ಲೇಯರನ್ನು ಮೂಗಿನ ಹತ್ತಿರ ಒಯ್ದಳು. ಮೂಸಿದಳು. ಉಗುರಿನಿಂದ ಸಂದಿನಲ್ಲಿದ್ದ ಕೆಂಪನ್ನು ಕೆರೆದಳು. ತೆಳುವಾದ ಸಿಪ್ಪೆಯೊಂದು ಎದ್ದು ಬಂತು, ಅದರ ಜೊತೆ ಒಂದು ಚಪ್ಪಟೆ ಬೀಜ.

"ಇದು ರಕ್ತ ಅಲ್ಲ" ಎಂದಳು. "ಸುಟ್ಟ ಮೆಣಸಿನಕಾಯಿ."

ಅವಳು ಪ್ಲೇಯರನ್ನು ಪೆನೆವ್‌ನ ಕಣ್ಣ ಮುಂದೆ ಹಿಡಿದಳು.

"ಇದು ರಾದೊಯ್‌ದಲ್ಲ. ನಂದು. ಇಲ್ಲಿ ನೋಡಿ, ಗುಂಡಿಯ ಗುರುತು ಅಳಿಸಿಹೋಗಿತ್ತು ಅಂತ ನಾನೇ ಉಗುರು ಬಣ್ಣದಲ್ಲಿ ಚುಕ್ಕೆ ಇಟ್ಟಿದೀನಿ." ಅವಳ ದನಿ ನಡುಗಲಿಲ್ಲ. "ಆವತ್ತು ಬೆಳಿಗ್ಗೆ ಚಳಿಗಾಲಕ್ಕೆ ತೆಗೆದಿಡಕ್ಕೆ ಅಂತ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೀತಿದ್ದೆ. ಕಿವಿಗೆ ಇದರ ಇಯರ್‌ಫೋನು ಹಾಕ್ಕೊಂಡಿದ್ದೆ. ಅವ್ರು ರಾತ್ರಿ ಗಸ್ತಿಂದ ಬಂದಿಲ್ಲ, ತಡ ಆಗಿರಬೇಕು ಅಂದ್ಕೊಂಡೆ. ಬಾಗಿಲು ಬಡಿದ್ರು. ಕಿವಿಯಿಂದ ತೆಗೆದು, ಕೊಳಾಯಿ ಪಕ್ಕ ಇಟ್ಟು, ಅದೇ ಕೈಯಲ್ಲಿ ಬಾಗಿಲು ತೆಗೆದೆ. ನೀವು ನಿಂತಿದ್ರಿ."

ಅವಳು ಪೆನೆವ್‌ನನ್ನು ನೋಡುತ್ತಿದ್ದಳು.

"ಆಮೇಲೆ ನಾನು ಇದನ್ನ ಹುಡುಕ್ಲೇ ಇಲ್ಲ. ಸೂತಕದ ಮನೇಲಿ ಹಾಡು ಯಾರಿಗೆ ಬೇಕು?"

ನಾನು ಅವಳ ಕಡೆ ತಿರುಗಿದೆ. "ಎಷ್ಟು ಗಂಟೆ ಆಗಿತ್ತು ಯೊರ್ದಾನಾ?"

"ಒಂಬತ್ತು. ಚರ್ಚಿನ ಗಂಟೆ ಹೊಡೀತಿತ್ತು."

"ಕಾರು ಈ ಅಂಗಳಕ್ಕೆ ಬಂದದ್ದು?" ಈ ಪ್ರಶ್ನೆ ಪೆನೆವ್‌ಗೆ.

"ಏಳಕ್ಕೆ. ಕ್ರೇನಲ್ಲಿ ತಂದು ಗೇಟಿಗೆ ಬೀಗ ಹಾಕಿದ್ವಿ."

"ಕಾರಿನ ಒಳಗಡೆ ಫೋಟೊ ತೆಗೆದದ್ದು ಯಾವಾಗ? ಏರಿ ಹತ್ರಾನಾ, ಇಲ್ಲಾ ಇಲ್ಲಿಗೆ ತಂದ ಮೇಲಾ?"

"ಇಲ್ಲಿ. ಹನ್ನೊಂದೂವರೆಗೆ. ಏರಿ ಹತ್ರ ಮಂಜು ಕವಿದಿತ್ತು. ಹೊರಗಡೆ ಮಾತ್ರ ತೆಗೆದ್ವಿ."

"ಅಂದ್ರೆ ಒಂಬತ್ತು ಗಂಟೆಗೆ ಇವಳ ಅಡುಗೆಮನೇಲಿದ್ದ ಪ್ಲೇಯರು, ಹನ್ನೊಂದೂವರೆ ಒಳಗೆ, ಬೀಗ ಹಾಕಿದ ಅಂಗಳಕ್ಕೆ ಬಂದು, ಸತ್ತವನ ಕಾರಲ್ಲಿ ಕೂತ್ಕೊಂಡಿತು. ಆ ಕ್ಯಾಸೆಟ್ಟು ಯಾವ ಅಂಗಡೀಲಾದ್ರೂ ಸಿಗತ್ತೆ, ಆದ್ರೆ ಪ್ಲೇಯರಿಗೆ ಕಾಲು ಬಂತಾ?"

ಪೆನೆವ್ ಗೇಟಿನ ಕಡೆ ತಿರುಗಿ ನೋಡಿದ.

"ನಿಮ್ಮ ಜೊತೆ ಇನ್ನೊಬ್ರು ಬಂದಿದ್ರು" ಎಂದಳು ಯೊರ್ದಾನಾ. "ನಾನು ಬಾಗಿಲಲ್ಲೇ ಕುಸಿದೆ. ನೀವು ನನ್ನ ಹಿಡ್ಕೊಂಡ್ರಿ. ಇವರು ನೀರು ತರ್ತೀನಿ ಅಂತ ಒಳಗೆ ಹೋದ್ರು. ತುಂಬಾ ಹೊತ್ತಾಯ್ತು ನೀರು ಬರಕ್ಕೆ."

ಅವಳ ಬೆರಳು ಮೀಲ್ಕೊನ ಜಾಕೆಟ್ಟಿನ ಗುಂಡಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಮೀಲ್ಕೊ ಹೌಹಾರುತ್ತಾನೆ, ಕಿರುಚುತ್ತಾನೆ, ಓಡುತ್ತಾನೆ ಎಂದು ಕಾದೆ. ಅವನು ಅದ್ಯಾವುದನ್ನೂ ಮಾಡಲಿಲ್ಲ. ಕೈಯಲ್ಲಿದ್ದ ಬೀಜಗಳನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡು ಕೈ ಒರೆಸಿಕೊಂಡ.

"ನೀರು ತಂದಿದ್ದು ನಾನೇ" ಎಂದ. "ಲೋಟ ಸಿಗ್ಲಿಲ್ಲ, ಹೊತ್ತಾಯ್ತು. ನೀರು ತಂದುಕೊಟ್ಟದ್ದೂ ತಪ್ಪಾ ಅತ್ತಿಗೆ? ಸರಿ, ಅಡುಗೆಮನೆಗೆ ಹೋದವನು ನಾನು ಅಂತಾನೇ ಇಟ್ಕೊಳ್ಳೋಣ. ಆದ್ರೆ ಮೇಸ್ತ್ರಮ್ಮ, ಇಷ್ಟು ಬುದ್ಧಿ ಇರೋ ನೀವು ಒಂದು ಕೇಳ್ಲಿಲ್ಲ. ಏಳು ಗಂಟೆಯಿಂದ ಈ ಗೇಟಿಗೆ ಬೀಗ. ಗೋಡೆ ಹಾರೋ ವಯಸ್ಸಲ್ಲ ನಂದು. ಬೀಗದ ಕೈ ಯಾರ ಸೊಂಟದಲ್ಲಿ ನೇತಾಡ್ತಿರತ್ತೆ?"

ನಾವು ಮೂವರೂ ಪೆನೆವ್‌ನ ಸೊಂಟದ ಕಡೆ ನೋಡಿದೆವು.

ಪೆನೆವ್ ಯಾರ ಮುಖವನ್ನೂ ನೋಡಲಿಲ್ಲ. ಅವನ ಮುಖದ ಬಣ್ಣವೇ ಇಳಿದುಹೋಗಿತ್ತು. ನಾನು ಬ್ಯಾಟರಿ ತಂದಾಗಿನಿಂದ ಗೇಟು ಹಾರುಹೊಡೆದೇ ಇತ್ತು. ಅವನು ಅಂಗಳ ದಾಟಿ ಅಲ್ಲಿಗೆ ನಡೆದ. ಹೊರಗೆ ಬೀದಿಯಲ್ಲಿ ಯಾರೋ ಹೆಂಗಸು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ಅವಳು ಹೋಗುವ ತನಕ ಕಾದ.

ಆಮೇಲೆ ಎರಡೂ ಬಾಗಿಲು ಎಳೆದುಕೊಂಡು ಒಳಗಿನಿಂದ ಬೀಗ ಹಾಕಿದ. ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಅಂಗಿಯ ಒಳಜೇಬಿಗೆ ಇಳಿಸಿದ. ಹಿಂದಕ್ಕೆ ಬಂದು, ಟೋಪಿ ತೆಗೆದು ಕಾರಿನ ಬಾನೆಟ್ ಮೇಲಿಟ್ಟ.

"ಈಗ ಮಾತಾಡೋಣ" ಎಂದ.

ನಮ್ಮ ಮೂವರಲ್ಲಿ ಯಾರಿಗೆ ಹೇಳಿದನೋ ತಿಳಿಯಲಿಲ್ಲ. ಮೀಲ್ಕೊನ ಹುಬ್ಬು ಮೇಲೇರಿತ್ತು. ಅವನಿಗೂ ತಿಳಿದಿರಲಿಲ್ಲ. ಯೊರ್ದಾನಾ ಪ್ಲೇಯರನ್ನು ಎದೆಗೆ ಅವುಚಿಕೊಂಡು ನನ್ನ ಪಕ್ಕಕ್ಕೆ ಸರಿದಳು.

ನಾನು ಕಾರಿನ ಬಾಗಿಲು ತೆರೆದು, ರಾದೊಯ್‌ನ ಸೀಟಿನಲ್ಲಿ ಕುಳಿತು, ಕಾಲು ಹೊರಗೆ ಚಾಚಿದೆ.

"ಮಾತಾಡಿ ಸಾಹೇಬ್ರೆ" ಎಂದೆ. "ನಾನಂತೂ ಎಲ್ಲಿಗೂ ಹೋಗಲ್ಲ."